ಆಶೀರ್ವಚನದ ಬ್ಯಾಕಪ್

ಜೂನ್ 4, ಗುರುವಾರ

ಫೋನು ಹೋಯಿತು. ಗಾಜು ಜೇಡರ ಬಲೆಯ ಹಾಗೆ ಸೀಳುಬಿಟ್ಟಿದೆ, ಒಳಗಿದ್ದದ್ದೆಲ್ಲ ಮಣ್ಣುಪಾಲು. ಒಂದು ನಂಬರ್ ಉಳಿದಿಲ್ಲ, ಒಂದು ಫೋಟೋ ಉಳಿದಿಲ್ಲ. ಇನ್ನು ನಾನು ಯಾರಿಗೆ ಫೋನ್ ಮಾಡಿ ತಲೆ ತಿನ್ನಲಿ?

ಸುಳ್ಳು. ಫೋನು ಗುಂಡುಕಲ್ಲಿನ ಹಾಗೆ ಜೇಬಿನಲ್ಲಿದೆ. ಒಡೆದ ಗಾಜಿನ ಚಿತ್ರ ಒಂದು ಸಿಕ್ಕಿತ್ತು. ಅದನ್ನು ಪರದೆಗೆ ಹಾಕಿಕೊಂಡು, ಮೇಲೆ ಬರೆದಿದ್ದನ್ನೇ ಬೆಳಿಗ್ಗೆ ಅಂಗಡಿಯಲ್ಲಿ ಅಳುಮೋರೆ ಮಾಡಿಕೊಂಡು ಹೇಳಿದೆ. ನಮ್ಮ ಅಂಗಡಿಯಲ್ಲಿ ಅರ್ಧ ಬೀಗ, ಅರ್ಧ ಬೀಗರ ಮಗ. ಅಂದರೆ ಈ ಕಡೆ ಮಗಳು ಕೀ ಕೊರೆಯುತ್ತಾಳೆ, ಆ ಕಡೆ ಅಳಿಯ ಫೋನ್ ರಿಪೇರಿ ಮಾಡುತ್ತಾನೆ. ಮಗಳು ನನಗಿಂತ ಚೆನ್ನಾಗಿ ಕೀ ಕೊರೆಯಲು ಶುರು ಮಾಡಿದ ದಿನ ನನ್ನ ಕೈಗೆ ನಿವೃತ್ತಿ ಆಯಿತು. ಬಾಯಿ ಇನ್ನೂ ಸರ್ವೀಸಿನಲ್ಲಿದೆ.

ಅಳಿಯ ಚಹಾ ಬಿಟ್ಟು ಓಡಿಬಂದ. "ಎಲ್ಲಿ ಬಿತ್ತು ಮಾವ? ನೀರು ಹೋಗಿದ್ಯಾ? ಆನ್ ಮಾಡಕ್ಕೆ ಹೋಗ್ಬೇಡಿ, ಇಲ್ಲಿ ಕೊಡಿ." ಬೆರಳಿಂದ ಗಾಜು ಸವರಿದ. ಇನ್ನೊಂದು ಸಲ ಸವರಿದ. ನಗಲಿಲ್ಲ, ಬೈಯಲೂ ಇಲ್ಲ. "ಗಾಜು ಚೆನ್ನಾಗಿದೆ ಮಾವ. ವಾಲ್‌ಪೇಪರ್ ಬದಲಾಯಿಸ್ಕೊಳ್ಳಿ" ಅಂದು ಹೋಗಿ ಆರಿದ ಚಹಾ ಕುಡಿದ. ಇಂಥ ಮನುಷ್ಯನಿಗೆ ಕೀಟಲೆ ಮಾಡುವುದು ಗೋಡೆಗೆ ಕಚಗುಳಿ ಇಟ್ಟ ಹಾಗೆ.

"ಅಪ್ಪಾ, ಅಮ್ಮಂಗೆ ಹೇಳ್ತೀನಿ ಇರು" ಅಂದಳು ಮಗಳು.

"ಹೇಳಮ್ಮ. ಅವಳೇನ್ ಮಾಡ್ತಾಳೆ? ಚಪ್ಪಾಳೆ ತಟ್ತಾಳೆ, ಅಷ್ಟೇ."

ಈಗಿನ ಸಂಕಟವೇ ಅದು. ನನ್ನ ಹೆಂಡತಿ ಶಾಲೆಯಲ್ಲಿ ಪಿ.ಟಿ. ಟೀಚರಾಗಿದ್ದವಳು. ಊರಿಗೆಲ್ಲ ಪಿ.ಟಿ. ಮೇಡಂ, ಮನೆಯಲ್ಲೂ ಅದೇ ಹುದ್ದೆ. ಮೈದಾನದ ಈ ತುದಿಯಿಂದ ಕೂಗಿ ಆ ತುದಿಯ ಹುಡುಗರ ಬೆನ್ನು ನೆಟ್ಟಗೆ ಮಾಡುತ್ತಿದ್ದ ಗಂಟಲು ಅದು. ಆ ಗಂಟಲಲ್ಲಿ ಗಂಟು ಬೆಳೆದು, ಹೋದ ವಾರ ಆಪರೇಷನ್ ಆಯಿತು. ಗಂಟಲು ಅನ್ನುವ ಮಾತಿನೊಳಗೇ ಗಂಟು ಇದೆ, ನಮಗೆ ಮೊದಲೇ ಹೊಳೆಯಬೇಕಿತ್ತು. ಡಾಕ್ಟರು ಮತ್ತೆ ನೋಡುವವರೆಗೆ ಒಂದು ಮಾತೂ ಆಡುವ ಹಾಗಿಲ್ಲ, ಪಿಸುಗುಟ್ಟುವ ಹಾಗೂ ಇಲ್ಲ. ಅದಕ್ಕೆ ಅವಳು ಚಪ್ಪಾಳೆಯ ಕಾನೂನು ತಂದಿದ್ದಾಳೆ. ಒಂದು ತಟ್ಟಿದರೆ ಹೌದು, ಎರಡಕ್ಕೆ ಇಲ್ಲ, ಮೂರಕ್ಕೆ ಇಲ್ಲಿ ಬನ್ನಿ. ನಿಲ್ಲಿಸದೆ ತಟ್ಟಿದರೆ ಬೈಗುಳ. ಹುಟ್ಟಿದಾಗಿನಿಂದ ನನಗೆ ಇಷ್ಟು ಚಪ್ಪಾಳೆ ಬಿದ್ದಿರಲಿಲ್ಲ.

ಜೂನ್ 6, ಶನಿವಾರ

ಸಕ್ಕರೆ ಡಬ್ಬಿಗೆ ಉಪ್ಪು ತುಂಬಿಟ್ಟೆ. ಉಪ್ಪುನೀರು ಗಂಟಲಿಗೆ ಒಳ್ಳೆಯದು ಅಂತ ಡಾಕ್ಟರೇ ಹೇಳಿದ್ದಾರಲ್ಲ. ಪಿ.ಟಿ. ಮೇಡಂ ಒಂದು ಗುಟುಕು ಚಹಾ ಕುಡಿದಳು. ಲೋಟ ತಂದು ನನ್ನ ಮುಂದಿಟ್ಟಳು. ಎದುರಿಗೇ ಕೂತು, ನಾನು ತಳದವರೆಗೆ ಕುಡಿದು ಮುಗಿಸುವ ತನಕ ನೋಡಿದಳು. ಒಂದು ಚಪ್ಪಾಳೆಯೂ ಇಲ್ಲ. ಇದರಲ್ಲೇನು ಮಜಾ? ಬೈಗುಳ ಬಾರದ ಕೀಟಲೆ ಅಂದರೆ ತಿರುಗಿಸಿದರೂ ಕ್ಲಿಕ್ ಅನ್ನದ ಬೀಗ.

ಅವಳ ಹಳೆಯ ಬೈಗುಳವನ್ನಾದರೂ ಕೇಳೋಣ ಅಂತ ಫೋನ್ ತಗೊಂಡು ಟೆರೇಸಿಗೆ ಹೋದೆ. ಈ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಪ್ರತಿ ಕೀಟಲೆಗೂ ಮುಂಚೆ ಅಂಗಿ ಜೇಬಿನೊಳಗೆ ರೆಕಾರ್ಡಿಂಗ್ ಒತ್ತಿಟ್ಟುಕೊಳ್ಳುವುದು ನನ್ನ ಅಭ್ಯಾಸ. ವರ್ಷಗಳ ಸಂಗ್ರಹ. ಫೋಲ್ಡರಿಗೆ 'ಆಶೀರ್ವಚನ' ಅಂತ ಹೆಸರಿಟ್ಟಿದ್ದೇನೆ. ಕ್ಯಾಲೆಂಡರ್ ಹಾಳೆ ಮೊದಲೇ ಹರಿದು ಭಾನುವಾರ ಅವಳನ್ನು ಶಾಲೆಗೆ ಓಡಿಸಿದಾಗಿನ ಆಶೀರ್ವಚನ. ಅವಳ ಸೀಟಿಯೊಳಗೆ ಹತ್ತಿ ತುರುಕಿದಾಗಿನದು. ಅವಳ ಚಪ್ಪಲಿ ಒಯ್ದು ಫ್ರಿಜ್ಜಿನಲ್ಲಿಟ್ಟಾಗಿನದು, ಅದು ಕಲಶಪ್ರಾಯ.

ಫ್ರಿಜ್ಜಿನದನ್ನೇ ಹಾಕಿದೆ. "ಹಾಲಿನ ಪಕ್ಕ ಚಪ್ಪಲಿ ಇಡ್ತೀರಲ್ಲ, ನಿಮ್ಮನ್ನ ಯಾರು..." ಅಲ್ಲಿಗೆ ಫೋನು ಸಿಕ್ಕಿಹಾಕಿಕೊಂಡಿತು. ಮತ್ತೆ ಒತ್ತಿದರೆ "ಯಾರು, ಯಾರು, ಯಾರು". ಇನ್ನೊಮ್ಮೆ ಒತ್ತಿದರೆ ಕಪ್ಪು ಪರದೆ.

ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಅಂದದ್ದನ್ನು ನಾನು ಇಲ್ಲಿ ಬರೆದಿರಲಿಲ್ಲ. "ಮಾತು ಬರತ್ತೆ ಯಜಮಾನ್ರೇ. ಆದ್ರೆ ಹಳೇ ದನೀನೇ ಬರತ್ತೆ ಅಂತ ನಾನು ಮಾತು ಕೊಡಲ್ಲ." ಮಾತು ಬರುತ್ತೆ ಅಂತ ಮಾತು ಕೊಟ್ಟು, ಮಾತು ಕೊಡಲ್ಲ ಅಂತಾರಲ್ಲ ಅಂತ ಆವತ್ತು ನಗು ಬಂದಿತ್ತು. ಇವತ್ತು ಟೆರೇಸಿನಲ್ಲಿ ಕಪ್ಪು ಪರದೆ ಹಿಡಿದು ನಿಂತಾಗ ಬರಲಿಲ್ಲ. ಆ ಹಳೇ ದನಿ ಈಗಿರುವುದು ಈ ಫೋನಿನಲ್ಲಿ ಮಾತ್ರ.

ನೆಟ್ಟಗೆ ಅಂಗಡಿಗೆ ಹೋದೆ. ಅಳಿಯ ಪಕ್ಕದ ಗುಂಡಿ ಒತ್ತಿ ಹಿಡಿದು ಫೋನಿಗೆ ಹೇಗೋ ಜೀವ ಬರಿಸಿದ.

"ಮಾವ, ಈ ಫೋನನ್ನ ಮಾಡಿದ ಕಂಪನಿಯವರೇ ಮರ್ತಿದಾರೆ" ಅಂದ ಅಳಿಯ. "ಅಪ್‌ಡೇಟ್ ಬರೋದು ನಿಂತು ಎಷ್ಟೋ ಕಾಲ ಆಯ್ತು. ಹೊಸದು ತಗೊಳ್ಳಿ."

"ನಂಗೂ ಅಪ್‌ಡೇಟ್ ನಿಂತಿದೆ. ನಿಮ್ಮತ್ತೆ ಹೊಸಬನ್ನ ತಗೊಂಡ್ಲಾ?"

ಅಳಿಯ ಯೋಚನೆ ಮಾಡಿದ. ನಿಜವಾಗಿಯೂ ಯೋಚನೆ ಮಾಡಿದ. "ಹಾಗಾದ್ರೆ ಕಸ್ಟಮ್ ರೋಮ್ ಹಾಕ್ಬೋದು."

"ರೋಮನಾ? ಫೋನಿಗ್ಯಾಕ್ರಪ್ಪ, ನನ್ನ ತಲೆಗೆ ಹಾಕಿ. ಬಯಲಾಗಿ ಬಿದ್ದಿದೆ."

"ಆ ರೋಮ ಅಲ್ಲ ಮಾವ. ಕಂಪನಿ ಸಾಫ್ಟ್‌ವೇರ್ ತೆಗೆದು, ಹೊರಗಿನವ್ರು ಬರೆದಿರೋ ಹೊಸ ಸಾಫ್ಟ್‌ವೇರ್ ಹಾಕೋದು. ಫೋನ್ ಹಗುರ ಆಗತ್ತೆ, ಓಡತ್ತೆ. ಆದ್ರೆ ಬೂಟ್‌ಲೋಡರ್ ಅಂತ ಒಂದು ಬೀಗ ಇದೆ, ಮೊದ್ಲು ಅದನ್ನ ತೆಗೀಬೇಕು. ಅದು ತೆಗೆದ ತಕ್ಷಣ ಒಳಗಿರೋದೆಲ್ಲ ಅಳಿಸಿಹೋಗತ್ತೆ."

ಬೀಗ ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಬಾಗಿಲು ತೆಗೆದರೆ ಮನೆಯೊಳಗಿನ ಸಾಮಾನೆಲ್ಲ ಮಾಯವಾಗುವ ಬೀಗ! ಇಂಥದ್ದೊಂದನ್ನು ನನ್ನ ಜನ್ಮದಲ್ಲಿ ಮಾರಲಿಲ್ಲವಲ್ಲ, ಕಳ್ಳರು ಎಷ್ಟು ಚೆನ್ನಾಗಿ ಪೇಚಾಡುತ್ತಿದ್ದರು.

"ಅಂತೂ ಅಳಿಯ ಅನ್ನೋನು ಅಳಿಸ್ದೆ ಬಿಡಲ್ಲ."

"ಬ್ಯಾಕಪ್ ತಗೊಂಡ್ರೆ ಏನೂ ಆಗಲ್ಲ ಮಾವ" ಅಂತು ಗೋಡೆ.

ಜೂನ್ 8, ಸೋಮವಾರ

ಬ್ಯಾಕಪ್ ದಿನ. ಅಳಿಯ ಫೋನಿಗೆ ವೈರು ಚುಚ್ಚಿ ಫೋಟೋ, ನಂಬರು, ಮೆಸೇಜು ಎಲ್ಲವನ್ನೂ ಅಂಗಡಿಯ ಕಂಪ್ಯೂಟರಿಗೆ ಇಳಿಸಿದ. ಒಂದೊಂದನ್ನೂ ತೆರೆದು ತೋರಿಸಿದ. "ಇದು ನಿಮ್ಮ ಫೋಟೋ, ನೋಡಿ. ಇದೂ ನಿಮ್ಮ ಫೋಟೋ. ಮಾವ, ಎಲ್ಲಾ ನಿಮ್ಮದೇ ಫೋಟೋ."

ನನ್ನ ತಾಪತ್ರಯ ಬೇರೆ. ಅತ್ತೆಯ ಆಶೀರ್ವಚನ ಅಳಿಯನ ಕಣ್ಣಿಗೆ ಬಿದ್ದರೆ ಮಗಳಿಗೆ ಗೊತ್ತಾಗುತ್ತದೆ, ಮಗಳಿಗೆ ಗೊತ್ತಾದರೆ ಸಂಜೆಯೊಳಗೆ ಪಿ.ಟಿ. ಮೇಡಂಗೆ. ಅದಕ್ಕೆ ನಿನ್ನೆಯೇ ಒಂದು ಉಪಾಯ ಮಾಡಿದ್ದೆ. ಫೈಲುಗಳನ್ನು ಬಚ್ಚಿಡುವ ತಿಜೋರಿಯಂಥ ಆಪ್ ಒಂದಿದೆ, ನಂಬರ್ ಒತ್ತಿದರೆ ಮಾತ್ರ ತೆರೆಯುತ್ತದೆ. ಇಡೀ ಫೋಲ್ಡರನ್ನು ಅದರೊಳಗೆ ಹಾಕಿ ಬೀಗ ಜಡಿದೆ. ಆ ಆಪಿನಲ್ಲೇ ಬ್ಯಾಕಪ್ ಅಂತ ಒಂದು ಗುಂಡಿ ಇತ್ತು. ಒತ್ತಿದೆ. ಹಸಿರು ಟಿಕ್ ಬಂತು: ಬ್ಯಾಕಪ್ ಯಶಸ್ವಿ. ಬೀಗದವನು ಅಂದರೆ ಸುಮ್ಮನೆ ಅಲ್ಲ.

"ಮಾವ, ಬೇರೆ ಏನಾದ್ರೂ ಇದ್ಯಾ? ಸರಿಯಾಗಿ ನೋಡ್ಕೊಂಡು ಹೇಳಿ. ತೆಗೆದ್ಮೇಲೆ ಕೇಳಿದ್ರೆ ನನ್ ಕೈಲಿ ಏನೂ ಇರಲ್ಲ."

"ಮಗಳಿಗೆ ಅಪ್ಪ, ಫೋನಿಗೆ ಬ್ಯಾಕಪ್ಪ. ಎಲ್ಲಾ ಆಗಿದೆ, ನಡೀರಿ."

ಜೂನ್ 9, ಮಂಗಳವಾರ

ಬೀಗ ತೆಗೆಯುವ ಗುಂಡಿ ನಾನೇ ಒತ್ತುತ್ತೇನೆ ಅಂತ ಹಟ ಹಿಡಿದೆ. ಪರದೆಯ ತುಂಬ ಎಚ್ಚರಿಕೆಯ ಅಕ್ಷರ, ಕೆಳಗೆ ಹೌದು, ಇಲ್ಲ. ಹೌದು ಅಂದೆ. ಅಳಿಯ ಕಂಪ್ಯೂಟರಿನಿಂದ ಹೊಸ ಸಾಫ್ಟ್‌ವೇರ್ ತಳ್ಳಿದ. ಪರದೆಯ ಮೇಲೆ ಬಣ್ಣದ ಚಕ್ರ ಒಂದು ತಿರುಗುತ್ತ ಕೂತಿತು. "ಮೊದಲ್ನೇ ಸಲ ಹೊತ್ತು ಹಿಡಿಯತ್ತೆ, ಮುಟ್ಬೇಡಿ" ಅಂದು ಅವನು ಬಿಡಿಭಾಗ ತರಲು ಹೋದ.

ಅಷ್ಟರಲ್ಲಿ ಒಬ್ಬ ಹೆಂಗಸು ಬಂದರು. ಬಾಗಿಲು ತಾನಾಗಿ ಮುಚ್ಚಿಕೊಂಡಿದೆ, ಕೀ ಒಳಗಿದೆ.

"ಡೂಪ್ಲಿಕೇಟ್ ಇಲ್ವಾ ತಾಯಿ?" ಅಂದೆ.

"ಇದೆ. ಅದೂ ಒಳಗೇ ಇದೆ. ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದೀನಿ."

ಈ ಉತ್ತರ ಕೇಳಿದಾಗಲೆಲ್ಲ ನಗುವುದು ನನ್ನ ಕಸುಬಿನ ಭಾಗ. ಹೊಟ್ಟೆ ಹಿಡಿದುಕೊಂಡು ನಕ್ಕೆ. "ಮನೆ ಒಳಗಿರೋ ಕೀ ಮನೆಗೆ ಕಾವಲೇನೋ ಹೌದು, ನಿಮಗೆ ಮಾತ್ರ ಉಪಯೋಗ ಇಲ್ಲ." ಪಾಪ, ಅವರೂ ನಕ್ಕರು. ಮಗಳು ಸಾಮಾನಿನ ಚೀಲ ತುಂಬುವವರೆಗೆ ಸ್ಟೂಲಿನ ಮೇಲೆ ಕೂತರು.

ಫೋನು ತೆರೆದುಕೊಂಡಿತು. ಎಂಥ ಚುರುಕು! ಬೆರಳು ತಾಗುವ ಮೊದಲೇ ಓಡುತ್ತದೆ. ತಿಜೋರಿ ಆಪನ್ನು ಮತ್ತೆ ಹಾಕಿ ನಂಬರ್ ಒತ್ತಿದೆ. ಖಾಲಿ. ಇರಲಿ, ಬ್ಯಾಕಪ್ಪಿನಿಂದ ವಾಪಸ್ ತರುವ ಗುಂಡಿ ಇದೆಯಲ್ಲ. ಒತ್ತಿದೆ. ಬ್ಯಾಕಪ್ ಸಿಗಲಿಲ್ಲ ಅಂತು. ಕೆಳಗೆ ಚಿಕ್ಕ ಅಕ್ಷರದಲ್ಲಿ, ಬ್ಯಾಕಪ್ ಇರುವ ಜಾಗ: ಈ ಫೋನಿನ ಒಳಗೆ.

ಸ್ಟೂಲಿನ ಮೇಲಿದ್ದ ಹೆಂಗಸು ಇನ್ನೂ ನಗುಮುಖದಲ್ಲೇ ನನ್ನನ್ನು ನೋಡುತ್ತಿದ್ದರು.

ಜೂನ್ 10, ಬುಧವಾರ

ಫೋನಿನೊಳಗಿದ್ದದ್ದು ಹೋಯಿತು ಅಂತ ಅಳಿಯನಿಗೆ ಹೇಳಿದೆ. "ಹೋದ ಗುರುವಾರಾನೂ ಎಲ್ಲಾ ಹೋಗಿತ್ತಲ್ಲ ಮಾವ" ಅಂದ. ತಲೆ ಎತ್ತಲಿಲ್ಲ.

ಮಗಳು "ಈ ಸಲ ಯಾವ ವಾಲ್‌ಪೇಪರ್?" ಅಂದಳು.

ಮನೆಗೆ ಬಂದೆ. ಮೂರು ಚಪ್ಪಾಳೆ ಕೇಳಿಸಿತು. ಹೋದೆ. ಮೇಲಿನ ಶೆಲ್ಫಿನ ಡಬ್ಬಿ ಬೇಕಿತ್ತು. ತೆಗೆದುಕೊಟ್ಟೆ.

ಜೂನ್ 11, ಗುರುವಾರ

ಮಗಳು ಅಂಗಡಿ ಬಿಟ್ಟು ಮನೆಗೇ ಬಂದಳು. ಅವಳ ಅಮ್ಮ ಒಳಗೆ ಮಲಗಿದ್ದಳು.

"ಅಪ್ಪಾ, ನಿಜಾನಾ?"

"ಏನು?"

"ಫೋನಿಂದು. ನಿನ್ನೆಯಿಂದ ನೀನು ಒಂದು ಮಾತನ್ನೂ ತಿರುಚಿಲ್ಲ. ಒಬ್ರು ಬಂದು 'ತಲೆಬಾಗಿಲ ಬೀಗಕ್ಕೆ ತಲೆ ಕೆಟ್ಟಿದೆ' ಅಂದ್ರು, ನೀನು ಸುಮ್ನೆ ಬೀಗ ಇಸ್ಕೊಂಡೆ. ನಮ್ಮನೆಯವ್ರಿಗೂ ಭಯ ಆಗಿದೆ. 'ಮಾವಂಗೆ ಹುಷಾರಿಲ್ವಾ' ಅಂತ ಕೇಳಿದ್ರು."

ಹೇಳಿದೆ. ಜೇಬಿನ ರೆಕಾರ್ಡಿಂಗು, ಆಶೀರ್ವಚನ, ತಿಜೋರಿ, ಹಸಿರು ಟಿಕ್, ಎಲ್ಲ. ಅವಳು ನಗಬಹುದಿತ್ತು. ನಾನಾಗಿದ್ದರೆ ನಗುತ್ತಿದ್ದೆ. ಗಂಡನಿಗೆ ಫೋನ್ ಮಾಡಿ "ಬೇಗ ಬನ್ನಿ" ಅಂದಳು.

ಅಳಿಯ ಹೆಲ್ಮೆಟ್ ಕೂಡ ತೆಗೆಯದೆ ಬಂದು ಲ್ಯಾಪ್‌ಟಾಪ್ ತೆರೆದು ಕೂತ. ಸಂಜೆಯವರೆಗೂ ಏನೇನೋ ಮಾಡಿದ. ಕೊನೆಗೆ ಹೆಲ್ಮೆಟ್ ತೆಗೆದ.

"ಆಗಲ್ಲ ಮಾವ. ಆ ಬೀಗ ತೆಗೆದಾಗ ಫೋನು ತನ್ನ ಕೀಯನ್ನ ತಾನೇ ನಾಶ ಮಾಡ್ಬಿಡತ್ತೆ. ಒಳಗೆ ಚೂರುಪಾರು ಉಳಿದಿದ್ರೂ ಇನ್ಯಾರೂ ಓದಕ್ಕಾಗಲ್ಲ." ವೈರು ಕಿತ್ತು ಸುತ್ತುತ್ತ ಅಂದ, "ನಂಗೆ ಹೇಳ್ಬಾರ್ದಿತ್ತಾ? ಏನು ಎತ್ತ ಅಂತ ನಾನು ಕೇಳ್ತಾನೇ ಇರ್ಲಿಲ್ಲ. ಇಳಿಸಿ ಕೊಡ್ತಿದ್ದೆ."

ಹೌದು. ಅವನು ಕೇಳುತ್ತಿರಲಿಲ್ಲ. ಅವನು ಗೋಡೆ ಅಂತ ಇಲ್ಲಿ ಬರೆದಿದ್ದೇನೆ. ಗೋಡೆ ಅಂದರೆ ಒರಗಿಕೊಳ್ಳುವುದಕ್ಕೂ ಆಗುತ್ತದೆ.

"ಯಾರಿಗಾದ್ರೂ ಕಳ್ಸಿದ್ರಾ ಮಾವ? ಒಂದಾದ್ರೂ?"

ಜೂನ್ 12, ಶುಕ್ರವಾರ

ಕಳಿಸಿದ್ದೆ. ಕತ್ತರಿಗೆ. ಕತ್ತರಿ ಅಂದರೆ ಮೂಲೆಯ ಕ್ಷೌರದಂಗಡಿಯವನು, ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಫೇಲಾದವನು. ಫ್ರಿಜ್ಜಿನ ಚಪ್ಪಲಿಯ ಆಶೀರ್ವಚನ ಕೇಳಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕು "ಕಳ್ಸೋ ಇದನ್ನ" ಅಂದಿದ್ದ.

ಹೋದಾಗ ಒಬ್ಬ ಗಿರಾಕಿ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕುರ್ಚಿಯಲ್ಲಿ ಒರಗಿದ್ದ.

"ಲೋ, ಆ ಚಪ್ಪಲಿದು ಇದ್ಯಾ ಇನ್ನೂ?"

"ಯಾಕೋ? ಇದ್ಯಾ ಅಂದ್ರೆ ಏನ್ ಮಾಡ್ತೀಯ? ನೀನು ಸುಮ್‌ಸುಮ್ನೆ ಏನನ್ನೂ ಕೇಳೋನಲ್ಲ."

"ಇದ್ರೆ ಹಾಕೋ."

ನನ್ನ ಮುಖ ನೋಡಿದ. ಕೈ ಒರೆಸಿಕೊಂಡು ಫೋನಿನಲ್ಲಿ ಮೇಲೆ ಕೆಳಗೆ ಹುಡುಕಿದ. ಸಿಕ್ಕಿತು. ಪೂರ್ತಿ ಸೌಂಡ್ ಕೊಟ್ಟು ಕನ್ನಡಿ ಮುಂದೆ ಇಟ್ಟ.

"ಹಾಲಿನ ಪಕ್ಕ ಚಪ್ಪಲಿ ಇಡ್ತೀರಲ್ಲ, ನಿಮ್ಮನ್ನ ಯಾರು ಮನುಷ್ಯ ಅಂತಾರೆ! ನನ್ ಕ್ಲಾಸಿನ ಕೊನೇ ಬೆಂಚಿನ ಪುಂಡ ನಿಮಗಿಂತ ವಾಸಿ! ಅದು ನಗೋದ್ ಬೇರೆ! ನಿಂತ್ಕೊಳ್ಳಿ ಅಲ್ಲೇ, ಎಲ್ಲಿಗ್ ಓಡ್ತೀರಾ..."

ಕುರ್ಚಿಯಲ್ಲಿ ಒರಗಿದ್ದ ಗಿರಾಕಿ ನೊರೆಯ ಸಮೇತ ಸಟ್ಟನೆ ನೆಟ್ಟಗೆ ಕೂತ. "ನಮ್ ಪಿ.ಟಿ. ಮೇಡಂ ಅಲ್ವಾ ಇದು?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ ಅಂತ ಕಾಣುತ್ತದೆ. ಕತ್ತರಿ ಒಂದು ಟವೆಲ್ ತಂದು ನನ್ನ ಕೈಗೆ ಕೊಟ್ಟ. ಯಾಕೆ ಕೊಟ್ಟನೋ ತಿಳಿಯಲಿಲ್ಲ, ನಾನು ಕ್ಷೌರಕ್ಕೆ ಹೋಗಿರಲಿಲ್ಲ.

ಜೂನ್ 13, ಶನಿವಾರ

ಉಳಿದದ್ದು ಇದೊಂದೇ. ಅಳಿಯ ಅದನ್ನು ಕಂಪ್ಯೂಟರಿಗೆ ಹಾಕಿದ, ಪೆನ್‌ಡ್ರೈವಿಗೆ ಹಾಕಿದ, ಮಗಳ ಫೋನಿಗೆ ಹಾಕಿದ, ನನ್ನ ಫೋನಿಗೂ ಹಾಕಿದ. ಪ್ರತಿ ಕಡೆಯೂ ಮೊದಲಿಂದ ಕೊನೆಯವರೆಗೆ ಹಾಕಿ ಕೇಳಿಸಿದ. "ಇಳಿಸ್ಕೊಂಡ್ರೆ ಸಾಲ್ದು ಮಾವ, ವಾಪಸ್ ತೆಗೆದು ನೋಡ್ಬೇಕು. ಬಂದ್ರೇನೇ ಬ್ಯಾಕಪ್ಪು." ಕೊರೆದ ಕೀಯನ್ನು ಬೀಗಕ್ಕೆ ಹಾಕಿ ತಿರುಗಿಸಿ ನೋಡದೆ ಗಿರಾಕಿಗೆ ಕೊಡಬೇಡ ಅಂತ ಮಗಳಿಗೆ ಕಲಿಸಿದವನು ನಾನು. ಬಾಯಿ ಮುಚ್ಚಿಕೊಂಡು ಕೇಳಿದೆ. ನಾಲ್ಕನೇ ಸಲ ಕೇಳಿದಾಗ ಅಳಿಯನ ತುಟಿ ಒಂದು ಕಡೆ ಸ್ವಲ್ಪ ಮೇಲೆದ್ದ ಹಾಗೆ ಕಂಡಿತು. ಅಳಿಯ ನಗುತ್ತಾನೆ!

ಮನೆಗೆ ಬಂದರೆ ಬಾಗಿಲಲ್ಲೇ ಮೂರು ಚಪ್ಪಾಳೆ. ಆಮೇಲೆ ಚಾಚಿದ ಅಂಗೈ. ಮಗಳು ವರದಿ ಒಪ್ಪಿಸಿಯಾಗಿತ್ತು. ಫೋನ್ ಕೊಟ್ಟೆ.

ಪಿ.ಟಿ. ಮೇಡಂ ತನ್ನ ಬೈಗುಳವನ್ನು ತಾನೇ ಹುಬ್ಬು ಗಂಟಿಕ್ಕಿ ಕೇಳಿದಳು. ಅರ್ಧಕ್ಕೆ ಬರುವಷ್ಟರಲ್ಲಿ ಭುಜ ಕುಣಿಯತೊಡಗಿತು. ಸದ್ದಿಲ್ಲದ ನಗು. ನಗಬಹುದೋ ಇಲ್ಲವೋ ಅಂತ ಡಾಕ್ಟರನ್ನು ಕೇಳಿರಲಿಲ್ಲ, ಗಾಬರಿಯಾಗಿ ನೀರು ತಂದೆ. ನೀರು ಬೇಡ ಅಂತ ಕೈ ಮಾಡಿ ಇನ್ನೊಂದು ಸಲ ಕೇಳಿದಳು, ಕಣ್ಣು ಮುಚ್ಚಿಕೊಂಡು. ಆಮೇಲೆ ವಾಪಸ್ ಕೊಟ್ಟಳು.

"ಅದೇ ದನಿ ವಾಪಸ್ ಬರ್ಲಿ ಅನ್ಸಲ್ವಾ ನಿಂಗೆ?"

ಎರಡು ಚಪ್ಪಾಳೆ.

"ನಂಗನ್ಸತ್ತೆ."

ನನ್ನನ್ನೇ ನೋಡಿದಳು. ಆಮೇಲೆ, ಕದ್ದು ರೆಕಾರ್ಡ್ ಮಾಡಿದ್ದಕ್ಕೆ, ಎರಡೂ ಕಿವಿ ಹಿಡಿದುಕೊಂಡು ಗೋಡೆ ಕಡೆ ಮುಖ ಮಾಡಿ ನಿಲ್ಲುವ ಶಿಕ್ಷೆ ವಿಧಿಸಿದಳು. ನಿಂತೆ. ಬಹಳ ಹೊತ್ತಾದ ಮೇಲೆ ಬೆನ್ನ ಹಿಂದಿನಿಂದ ಒಂದೇ ಒಂದು ಚಪ್ಪಾಳೆ ಕೇಳಿಸಿತು. ಒಂದು ಅಂದರೆ ಹೌದು. ಯಾವುದಕ್ಕೆ ಹೌದು ಅಂತ ನಾನು ಕೇಳಲಿಲ್ಲ.

ಜೂನ್ 18, ಗುರುವಾರ

ಬೆಳಿಗ್ಗೆ ಹಾಲಿಗೆ ಅಂತ ಫ್ರಿಜ್ ತೆಗೆದರೆ ಒಳಗೆ ಚಪ್ಪಲಿ. ನನ್ನದು. ಎಡಗಾಲಿನದು ಹಾಲಿನ ಪಕ್ಕ, ಬಲಗಾಲಿನದು ಟೊಮೇಟೊ ಪಕ್ಕ.

ನನಗೆ ಬಂದ ಸಿಟ್ಟು! ಕಾಲಿಗೆ ತಣ್ಣಗಿರಲಿ ಅಂತ ಇಟ್ಟಿದ್ಯಾ, ಮದುವೆಯಾದಾಗಿನಿಂದ ಇಂಥ ಕೆಲಸ ಯಾರಾದರೂ ಮಾಡುತ್ತಾರಾ ಅಂತ ಮನೆ ಕಿತ್ತುಹೋಗುವ ಹಾಗೆ ಕೂಗಾಡಿದೆ. ತಿರುಗಿದರೆ ಪಿ.ಟಿ. ಮೇಡಂ ಬಾಗಿಲಿಗೆ ಒರಗಿ ನಿಂತಿದ್ದಳು. ಕೈಯಲ್ಲಿ ಅವಳ ಫೋನು. ಅದರಲ್ಲಿ ಕೆಂಪು ಚುಕ್ಕೆ ಮಿನುಗುತ್ತಿತ್ತು.

ಮಗಳಿಗೆ, ಅಳಿಯನಿಗೆ, ಕತ್ತರಿಗೆ, ಎಲ್ಲರಿಗೂ ಕಳಿಸಿದ್ದಾಳೆ. "ಬ್ಯಾಕಪ್ ಭದ್ರವಾಗಿದೆ ಮಾವ" ಅಂತ ಅಳಿಯನ ಮೆಸೇಜು ಬಂತು. ಕೊನೆಯಲ್ಲಿ ನಗುವ ಮುಖದ ಚಿತ್ರ ಬೇರೆ.

ನಾನು ಕೀಟಲೆ ಮಾಡಿ ಎಷ್ಟು ದಿನವಾಯಿತು ಅಂತ ಯೋಚಿಸಿದೆ. ನೆನಪಾಗಲಿಲ್ಲ.

ಜೂನ್ 24, ಬುಧವಾರ

ಡಾಕ್ಟರು ಟಾರ್ಚ್ ಬಿಟ್ಟು ಗಂಟಲು ನೋಡಿ ತಲೆಯಾಡಿಸಿದರು. "ಇವತ್ತಿಂದ ಮಾತಾಡ್ಬೋದು. ಸ್ವಲ್ಪವೇ. ಕೂಗೋ ಹಾಗಿಲ್ಲ. ಹೇಳಿದ್ದನ್ನೇ ಎರಡೆರಡು ಸಲ ಹೇಳೋ ಹಾಗಿಲ್ಲ, ಆಯ್ತಾ ಮೇಡಂ?"

ಒಂದು ಚಪ್ಪಾಳೆ. ಡಾಕ್ಟರು ಬೆಚ್ಚಿದರು.

ಆಸ್ಪತ್ರೆಯ ಮೆಟ್ಟಿಲಲ್ಲಿ "ಏನಾದ್ರೂ ಹೇಳು" ಅಂದೆ. ಎರಡು ಚಪ್ಪಾಳೆ. ಬಸ್ಸಿನಲ್ಲಿ "ಒಂದೇ ಒಂದು ಮಾತು" ಅಂದೆ. ಎರಡು. ಮುಂದಿನ ಸೀಟಿನವರು ತಿರುಗಿ ನೋಡಿದರು. ಅವಳಿಗೂ ಹೆದರಿಕೆ ಇತ್ತೇನೋ. ಅವಳ ಗಂಟಲು ಅವಳದು, ನಾನು ಆಮೇಲೆ ಕೇಳಲಿಲ್ಲ.

ಮನೆಗೆ ಬಂದು ಕಿಟಕಿಯ ಹತ್ತಿರ ಕೂತು, ತುಕ್ಕು ಹಿಡಿದ ಒಂದು ಪೆಟ್ಟಿಗೆ ಕೀಗೆ ಅರ ಹಾಕಿ ಉಜ್ಜುತ್ತಿದ್ದೆ. ಅಡುಗೆಮನೆಯಿಂದ ದನಿ ಬಂತು.

"ರೀ."

ತಗ್ಗಿದ ದನಿ. ಒಳಗೆ ಸ್ವಲ್ಪ ಗಾಳಿ, ಸ್ವಲ್ಪ ಮರಳು. ಆಗತಾನೆ ಕೊರೆದ ಕೀಯ ಅಂಚು ಇರುತ್ತದಲ್ಲ, ಹಾಗೆ ತರಿತರಿ. ಮೈದಾನ ದಾಟುವುದಿರಲಿ, ಹಜಾರ ದಾಟುವುದಕ್ಕೇ ಕಷ್ಟಪಡುತ್ತಿತ್ತು. ನಾನು ತಲೆ ಎತ್ತಲಿಲ್ಲ.

"ರೀ..."

ಈ ಸಲ ಇನ್ನಷ್ಟು ಹತ್ತಿರ. ಆಮೇಲೆ ಅವಳೇ ಬಾಗಿಲಿಗೆ ಬಂದು ನಿಂತಳು, ಸೊಂಟದ ಮೇಲೆ ಕೈ.

"ರೀ, ಕಿವಿ ಎಲ್ಲಿಟ್ಟಿದೀರಾ?"

"ಹಾಂ? ಕರೆದ್ಯಾ? ಈ ಅರದ ಸದ್ದಲ್ಲಿ ಏನೂ ಕೇಳ್ಸಲ್ಲ ನೋಡು."

ತಲೆ ಚಚ್ಚಿಕೊಂಡು ಒಳಗೆ ಹೋದಳು. ಮಗಳು ಫೋನ್ ಮಾಡಿ "ಎರಡು ಸಲ ಹೇಳ್ಬಾರ್ದು ಅಂತ ಡಾಕ್ಟ್ರು ಹೇಳಿದ್ರೆ ಮೂರು ಸಲ ಕೂಗಿಸಿದ್ಯಂತೆ ಅಮ್ಮನ್ನ!" ಅಂತ ರೇಗಿದಳು. ಅವಳಿಗೂ ಅರದ ಸದ್ದು ಅಂದೆ. ಅಳಿಯ ಕಿವಿಯ ಡಾಕ್ಟರೊಬ್ಬರ ನಂಬರ್ ಕಳಿಸಿದ್ದಾನೆ.

ಫೋನು ಅಂಗಿ ಜೇಬಿನಲ್ಲೇ ಇತ್ತು. ಈಗ ಒಂದು ಸಲ ಮುಟ್ಟಿದರೆ ರೆಕಾರ್ಡಿಂಗ್ ಶುರುವಾಗುತ್ತದೆ. ಕೈ ಅಲ್ಲಿಗೆ ಹೋಗಲಿಲ್ಲ.

ಅರದ ಸದ್ದು ಅಂತ ಎಲ್ಲರಿಗೂ ಹೇಳಿದ್ದೇನೆ, ಎಲ್ಲರೂ ನಂಬಿದ್ದಾರೆ. ಇಲ್ಲಿ ಬರೆದುಬಿಡುತ್ತೇನೆ. ಅವಳು ಮೊದಲನೇ ಸಲ ಕರೆದಾಗಲೇ ಅರ ನಿಂತುಹೋಗಿತ್ತು. ಮೊದಲನೇ ಸಲವೇ ಕೇಳಿಸಿತ್ತು.